ವೈಮಾಂಗು ಕಣಿವೆಯಲ್ಲಿ ಇಡೀ ಮನೆಮಂದಿ: ನಡೆಯುವವರಿಗೊಂದು ಮಾರ್ಗದರ್ಶಿ

ನ್ಯೂಜಿಲೆಂಡಿನಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಊರಿನಿಂದ ಅಪ್ಪ-ಅಮ್ಮ ಬಂದರು ಅಂದರೆ, ಒಂದು ಸಲ ಕಾರು ರೋಟೊರುವಾ ಕಡೆಗೆ ಹೊರಟೇ ಹೊರಡುತ್ತದೆ. ಆಕ್ಲೆಂಡಿನಿಂದ ಸುಮಾರು 230 ಕಿ.ಮೀ., ಮೂರು ಗಂಟೆಯ ದಾರಿ. ಊರು ಹತ್ತಿರ ಬಂದ ಹಾಗೆ ಕೊಳೆತ ಮೊಟ್ಟೆಯ ವಾಸನೆ ಕಾರಿನೊಳಗೆ ಬರುತ್ತದೆ. ಅದು ನೆಲದಡಿಯಿಂದ ಬರುವ ಹೈಡ್ರೋಜನ್ ಸಲ್ಫೈಡ್ ಅನಿಲ. ಎಲ್ಲೋ ಚರಂಡಿ ಒಡೆದಿದೆ ಅಂತ ಗಾಬರಿಯಾಗುವುದು ಬೇಡ ಎಂದು ಹಿಂದಿನ ಸೀಟಿನವರಿಗೆ ಮೊದಲೇ ಹೇಳಿಬಿಡಿ.

ರೋಟೊರುವಾ ಸುತ್ತ ಬಿಸಿನೀರು, ಹಬೆ, ಕುದಿಯುವ ಕೆಸರು ನೋಡುವ ಜಾಗಗಳು ಹಲವು ಇವೆ. ತೆ ಪುಯಾದಲ್ಲಿ ಪೊಹುಟು ಎಂಬ ದೊಡ್ಡ ಬಿಸಿನೀರಿನ ಚಿಲುಮೆ ಇದೆ. ವೈ-ಒ-ತಾಪುವಿನಲ್ಲಿ ಬಣ್ಣಬಣ್ಣದ ಕೊಳಗಳಿವೆ. ಊರ ಮಧ್ಯದ ಕುಯಿರಾವ್ ಪಾರ್ಕಿಗೆ ಟಿಕೆಟ್ಟೇ ಇಲ್ಲ. ಆದರೆ ಮೂರು ತಲೆಮಾರು ಒಟ್ಟಿಗೆ ಹೊರಟಿದ್ದರೆ ನನ್ನ ಓಟು ವೈಮಾಂಗು ಕಣಿವೆಗೆ. ಇಲ್ಲಿ ದಾರಿ ಬಹುಪಾಲು ಇಳಿಜಾರು. ಮೇಲಿನ ಟಿಕೆಟ್ ಕೌಂಟರಿನಿಂದ ಕೆಳಗಿನ ಸರೋವರದವರೆಗೆ ಸುಮಾರು 4 ಕಿ.ಮೀ. ಇಳಿಯುವುದಷ್ಟೇ ನಿಮ್ಮ ಕೆಲಸ. ವಾಪಸ್ ಮೇಲಕ್ಕೆ ಕರೆತರುವುದು ಅವರ ಬಸ್ಸಿನ ಕೆಲಸ. ನಡುವೆಯೂ ಬಸ್ ನಿಲ್ಲುತ್ತದೆ. ಹಾಗಾಗಿ ಅಜ್ಜಿಗೆ ಸಾಕಾದರೆ ಅಜ್ಜಿ ಬಸ್ ಹತ್ತಬಹುದು, ಮೊಮ್ಮಕ್ಕಳು ಮುಂದೆ ನಡೆಯಬಹುದು. ಯಾರಿಗೋಸ್ಕರ ಯಾರೂ ಅರ್ಧಕ್ಕೆ ವಾಪಸ್ ಬರಬೇಕಿಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳುತ್ತೇನೆ. ಇಳಿಜಾರು ಉಸಿರಿಗೆ ಸುಲಭ, ಮಂಡಿಗೆ ಅಲ್ಲ. ಮಂಡಿ ನೋವಿರುವವರು ಊರುಗೋಲು ಮರೆಯಬೇಡಿ.

ಕಾರಿನಲ್ಲೇ ಹೇಳಿ ಮುಗಿಸಬೇಕಾದ ಕತೆ

ರೋಟೊರುವಾದಿಂದ ದಕ್ಷಿಣಕ್ಕೆ, ಟೌಪೊ ಕಡೆ ಹೋಗುವ ಹೆದ್ದಾರಿ 5ರಲ್ಲಿ ಇಪ್ಪತ್ತು-ಇಪ್ಪತ್ತೈದು ನಿಮಿಷ ಹೋದರೆ ವೈಮಾಂಗು ಸಿಗುತ್ತದೆ. ಈ ಹೊತ್ತಿನಲ್ಲಿ ಮಕ್ಕಳಿಗೆ ಕಣಿವೆಯ ಕತೆ ಹೇಳಿ. ಕತೆ ಗೊತ್ತಿಲ್ಲದೆ ಒಳಗೆ ಹೋದರೆ ಹಬೆಯಾಡುವ ನೀರು ಬಿಟ್ಟು ಬೇರೇನೂ ಕಾಣುವುದಿಲ್ಲ.

ಈ ಕಣಿವೆಗೆ ಹುಟ್ಟಿದ ದಿನ ಇದೆ: 1886ರ ಜೂನ್ 10. ಅವತ್ತು ನಡುರಾತ್ರಿ ಕಳೆದ ಮೇಲೆ ತಾರಾವೆರಾ ಪರ್ವತ ಸಿಡಿಯಿತು. ಬೆಳಗಾಗುವ ಹೊತ್ತಿಗೆ ಸುಮಾರು 17 ಕಿ.ಮೀ. ಉದ್ದಕ್ಕೆ ನೆಲ ಸೀಳಿತ್ತು. ಸುಮಾರು 120 ಜನ ಸತ್ತರು. ಹೆಚ್ಚಿನವರು ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನ. ತೆ ವೈರೋವಾ ಎಂಬ ಹಳ್ಳಿ ಕೆಸರು-ಬೂದಿಯಡಿ ಹೂತುಹೋಯಿತು. ಅಲ್ಲಿಂದಲೇ ತುಹೊರಂಗಿ ಬುಡಕಟ್ಟಿನ ಮಾರ್ಗದರ್ಶಕರು ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ದು ಬಿಸಿನೀರು ಬಿಟ್ಟುಹೋದ ಸಿಲಿಕಾ ಎಂಬ ಖನಿಜದಿಂದ ಆದ ಗುಲಾಬಿ ಮತ್ತು ಬಿಳಿ ಬಣ್ಣದ ಮೆಟ್ಟಿಲುಗಳನ್ನು ತೋರಿಸುತ್ತಿದ್ದರು. ಆ ಕಾಲದಲ್ಲಿ ಅದನ್ನು ನೋಡಲು ಯುರೋಪಿನಿಂದ ತಿಂಗಳುಗಟ್ಟಲೆ ಹಡಗಿನಲ್ಲಿ ಬರುತ್ತಿದ್ದರು. ಒಂದೇ ರಾತ್ರಿಯಲ್ಲಿ ಆ ಮೆಟ್ಟಿಲುಗಳು ಕಣ್ಮರೆಯಾದವು. ಹೆಸರಾಂತ ಮಾರ್ಗದರ್ಶಕಿ ಸೋಫಿಯಾ ಹಿನೆರಂಗಿಯ ಮನೆ ಆ ರಾತ್ರಿ ಬೀಳದೆ ನಿಂತಿತು. ಅಲ್ಲಿ ಆಸರೆ ಪಡೆದ ಅರವತ್ತಕ್ಕೂ ಹೆಚ್ಚು ಜನ ಉಳಿದುಕೊಂಡರು.

ಅದಕ್ಕೂ ಮೊದಲು ವೈಮಾಂಗುವಿನಲ್ಲಿ ಬಿಸಿನೀರೂ ಇರಲಿಲ್ಲ, ಹಬೆಯೂ ಇರಲಿಲ್ಲ. ನೀವು ನೋಡುವ ಕುಳಿಗಳು, ಬುಗ್ಗೆಗಳು, ಕಾಡು, ಜರಿಗಿಡ ಎಲ್ಲ ಆ ರಾತ್ರಿಯ ನಂತರದ್ದು. ಬೆಟ್ಟ ಅಂದರೆ ಕೋಟಿ ವರ್ಷ ಹಳೆಯದು ಅಂದುಕೊಂಡ ಮಕ್ಕಳಿಗೆ, ಮುತ್ತಜ್ಜನ ಅಪ್ಪನ ಕಾಲದಲ್ಲಿ ಹುಟ್ಟಿದ ಕಣಿವೆ ಇದು ಅಂದರೆ ಕಿವಿ ನೆಟ್ಟಗಾಗುತ್ತದೆ.

ಹಾಕಿಕೊಳ್ಳುವುದು, ಬಿಚ್ಚಿಡುವುದು

ಮೊದಲು ಬೆಳ್ಳಿ. ಗಾಳಿಯಲ್ಲಿರುವ ಆ ಗಂಧಕದ ಅನಿಲಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಮಗುವಿನ ಕಾಲ್ಗೆಜ್ಜೆ, ಉಡಿದಾರ, ಅಮ್ಮನ ಕಾಲುಂಗುರ, ಕುಂಕುಮದ ಭರಣಿ ಯಾವುದೂ ಇದಕ್ಕೆ ಹೊರತಲ್ಲ. ಕಾಲುಂಗುರ ತೆಗೆಯುವುದಿಲ್ಲ ಅನ್ನುವವರನ್ನು ಒತ್ತಾಯ ಮಾಡಬೇಡಿ, ಆಮೇಲೆ ಉಜ್ಜಿದರೆ ಹೊಳಪು ಬರುತ್ತದೆ. ಉಳಿದದ್ದನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಹೋಟೆಲಿನಲ್ಲೇ ಬಿಡಿ.

ಚಪ್ಪಲಿ ಬೇಡ. ಹಿಮ್ಮಡಿ ಮುಚ್ಚುವ, ಜಾರದ ಶೂ ಬೇಕು. ಅಮ್ಮ ಸೀರೆಯಲ್ಲೇ ನಡೆಯುತ್ತೇನೆ ಅಂದರೆ ನಡೆಯಲಿ. ಸ್ವಲ್ಪ ಎತ್ತಿ ಉಡಲಿ, ಒಳಗೆ ಸಾಕ್ಸ್, ಶೂ ಇರಲಿ. ನಾಚಿಕೆ ಏನೂ ಬೇಡ, ಅಲ್ಲಿ ಯಾರೂ ನೋಡುವುದಿಲ್ಲ.

ಬಿಸಿಲು ತಣ್ಣಗಿದೆ ಅಂತ ಮೋಸ ಹೋಗಬೇಡಿ. ನ್ಯೂಜಿಲೆಂಡಿನ ಬಿಸಿಲಿನಲ್ಲಿ ಅತಿನೇರಳೆ ಕಿರಣ ಜಾಸ್ತಿ. ಡಿಸೆಂಬರಿನಿಂದ ಫೆಬ್ರವರಿವರೆಗಿನ ಅಲ್ಲಿನ ಬೇಸಿಗೆಯಲ್ಲಂತೂ ಸ್ವಲ್ಪ ಹೊತ್ತಿನಲ್ಲೇ ಚರ್ಮ ಉರಿಯುತ್ತದೆ. ನಮ್ಮ ಮೈಬಣ್ಣಕ್ಕೆ ಸನ್‌ಸ್ಕ್ರೀನ್ ಬೇಡ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಟೋಪಿ ಎಲ್ಲರಿಗೂ ಇರಲಿ. ಮಳೆ ಯಾವಾಗ ಬೇಕಾದರೂ ಬರಬಹುದು, ಒಂದು ತೆಳು ರೇನ್‌ಕೋಟ್ ಚೀಲದಲ್ಲಿರಲಿ. ಜೂನ್‌ನಿಂದ ಆಗಸ್ಟ್ ಚಳಿಗಾಲ. ಆಗ ಸ್ವೆಟರ್, ಕುಲಾವಿ ಬೇಕು. ಆದರೆ ಚಳಿ ಬೆಳಗಿನಲ್ಲಿ ಹಬೆ ಏಳುವ ಹಾಗೆ ಬೇಸಿಗೆ ಮಧ್ಯಾಹ್ನ ಏಳುವುದಿಲ್ಲ. ಹಬೆ ಬೇಕಿದ್ದವರು ಬೇಗ ಹೋಗಿ. ನೀರಿನ ಬಣ್ಣ ಚೆನ್ನಾಗಿ ಕಾಣಬೇಕು ಅನ್ನುವವರಿಗೆ ಬಿಸಿಲೇರಿದ ಹೊತ್ತು ಒಳ್ಳೆಯದು.

ಊಟದ ವಿಷಯ. ಪ್ರವೇಶದ್ವಾರದಲ್ಲಿ ಕೆಫೆ ಇದೆ. ಕಣಿವೆಗೆ ಇಳಿದ ಮೇಲೆ ಅಂಗಡಿ ಗಿಂಗಡಿ ಇಲ್ಲ. ನೀರು, ಚಪಾತಿ ರೋಲ್, ಚಿತ್ರಾನ್ನ, ಮಕ್ಕಳಿಗೆ ಬಿಸ್ಕೆಟ್ ಕಟ್ಟಿಕೊಳ್ಳಿ. ಊರಿನಿಂದ ನೇರವಾಗಿ ಬರುವವರಿಗೆ ಇನ್ನೊಂದು ಮಾತು: ನ್ಯೂಜಿಲೆಂಡ್ ವಿಮಾನ ನಿಲ್ದಾಣದಲ್ಲಿ ತಿನ್ನುವ ವಸ್ತು ಏನೇ ಇದ್ದರೂ ಘೋಷಣಾ ಪತ್ರದಲ್ಲಿ ಹೇಳಲೇಬೇಕು. ಚಟ್ನಿಪುಡಿ, ಉಪ್ಪಿನಕಾಯಿ, ಹಪ್ಪಳ, ಪ್ರಸಾದ ಎಲ್ಲವೂ ಸೇರಿ. ಹೇಳಿದರೆ ನೋಡಿ ಬಿಡುತ್ತಾರೆ ಅಥವಾ ತೆಗೆದಿಟ್ಟುಕೊಳ್ಳುತ್ತಾರೆ. ಹೇಳದೆ ಸಿಕ್ಕಿಬಿದ್ದರೆ ಅಲ್ಲೇ 400 ಡಾಲರ್ ದಂಡ. ಜೇನುತುಪ್ಪ ತರಲೇಬೇಡಿ. ಮಣ್ಣು ಮೆತ್ತಿದ ಶೂಗಳನ್ನೂ ತೊಳೆದು ತನ್ನಿ, ಅದನ್ನೂ ಕೇಳುತ್ತಾರೆ.

ಕಾರಿನಲ್ಲಿ ಏಳು ವರ್ಷ ತುಂಬದ ಮಕ್ಕಳಿಗೆ ಅವರ ಅಳತೆಯ ಸೀಟು ಕಡ್ಡಾಯ. ತೊಡೆ ಮೇಲೆ ಕೂರಿಸಿಕೊಳ್ಳುತ್ತೇನೆ ಅನ್ನುವ ಅಜ್ಜಿಯ ಹತ್ತಿರ ಈ ಒಂದು ವಿಷಯದಲ್ಲಿ ಗಟ್ಟಿಯಾಗಿರಿ.

ಕೌಂಟರಿನಲ್ಲಿ

ಬರೀ ನಡಿಗೆಯ ಟಿಕೆಟ್ ಒಂದು, ನಡಿಗೆ ಮತ್ತು ದೋಣಿ ಸೇರಿದ ಟಿಕೆಟ್ ಇನ್ನೊಂದು. ದರ ಆಗಾಗ ಬದಲಾಗುವುದರಿಂದ ಅವರ ಜಾಲತಾಣದಲ್ಲಿ ನೋಡಿಯೇ ಬುಕ್ ಮಾಡಿ. ಕೌಂಟರಿನಲ್ಲಿ ಎರಡು ಪ್ರಶ್ನೆ ಕೇಳಿ: ಕೆಳಗಿನಿಂದ ಮೇಲಕ್ಕೆ ಕೊನೆಯ ಬಸ್ ಎಷ್ಟು ಹೊತ್ತಿಗೆ? ದೋಣಿ ಎಷ್ಟೆಷ್ಟು ಹೊತ್ತಿಗೆ ಹೊರಡುತ್ತದೆ? ಆ ಸಮಯಗಳನ್ನು ಫೋನಿನಲ್ಲಿ ಬರೆದಿಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕಿ. ಬರೀ ಕಾಲು ಹಾಕುವವರಿಗೆ ಸರೋವರ ತಲುಪಲು ಒಂದೂವರೆಯಿಂದ ಎರಡು ಗಂಟೆ ಸಾಕು. ಮಕ್ಕಳು, ಹಿರಿಯರು, ಫೋಟೋ, ತಿಂಡಿ ಎಲ್ಲ ಸೇರಿದರೆ ಮೂರು ಗಂಟೆ ಇಟ್ಟುಕೊಳ್ಳಿ. ದಾರಿಯ ನಕ್ಷೆ ಕೊಡುತ್ತಾರೆ. ಅದನ್ನು ಮಗುವಿನ ಕೈಗೆ ಕೊಟ್ಟು, ಗುರುತಿನ ನಂಬರ್ ಓದುವ ಕೆಲಸ ಒಪ್ಪಿಸಿ.

ಇಳಿಯುವ ಮೊದಲು ಎಲ್ಲರೂ ಒಮ್ಮೆ ಟಾಯ್ಲೆಟ್ಟಿಗೆ ಹೋಗಿ ಬನ್ನಿ. ತಳ್ಳುಗಾಡಿ ಅಗಲದ ದಾರಿಯಲ್ಲಿ ನಡೆಯುತ್ತದೆ, ಆದರೆ ಮೆಟ್ಟಿಲು ಬಂದಲ್ಲಿ ಎತ್ತಿಕೊಂಡು ಹೋಗಬೇಕು. ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಇದ್ದರೆ ಅದೇ ವಾಸಿ. ಆಸ್ತಮಾ ಇರುವವರು ಇನ್‌ಹೇಲರ್ ಜೇಬಿನಲ್ಲಿ ಇಟ್ಟುಕೊಳ್ಳಿ, ಕಾರಿನಲ್ಲಿ ಅಲ್ಲ.

ಒಂದೇ ಕಟ್ಟುನಿಟ್ಟು

ದಾರಿ ಬಿಟ್ಟು ಒಂದು ಹೆಜ್ಜೆಯೂ ಆಚೆ ಇಡುವಂತಿಲ್ಲ. ಹಸಿರು ಹುಲ್ಲು, ಪಾಚಿ ಬೆಳೆದ ನೆಲ ಗಟ್ಟಿಯಾಗಿ ಕಾಣುತ್ತದೆ. ಕೆಲವು ಕಡೆ ಅದು ತೆಳ್ಳನೆಯ ಪದರ ಅಷ್ಟೇ, ಕೆಳಗೆ ಕುದಿಯುವ ಕೆಸರು ಇರುತ್ತದೆ. ಐದು ವರ್ಷದೊಳಗಿನ ಮಗು ಯಾವಾಗಲೂ ಒಬ್ಬ ದೊಡ್ಡವರ ಕೈಯಲ್ಲಿರಬೇಕು. ಯಾವ ಮಗು ಯಾರ ಜವಾಬ್ದಾರಿ ಅಂತ ಹೆಸರು ಹಿಡಿದು ಮೊದಲೇ ಹಂಚಿಕೊಳ್ಳಿ. ಎಲ್ಲರೂ ನೋಡಿಕೊಳ್ಳುತ್ತಾರೆ ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ, ಮದುವೆ ಮನೆಯಲ್ಲಿ ನೋಡಿದ್ದೀವಲ್ಲ.

ಇನ್ನೊಂದು, ನಮ್ಮವರಿಗೇ ಹೇಳಬೇಕಾದದ್ದು. ಬಿಸಿನೀರಿನ ಬುಗ್ಗೆ ಅಂದರೆ ನಮ್ಮ ಹಿರಿಯರ ಮನಸ್ಸಿನಲ್ಲಿ ಅದು ತೀರ್ಥ. ಪುತ್ತೂರಿನ ಹತ್ತಿರದ ಬೇಂದ್ರು ತೀರ್ಥದಲ್ಲೋ, ಬದರಿಯ ತಪ್ತಕುಂಡದಲ್ಲೋ ಮಿಂದು ಬಂದವರು ಇರುತ್ತಾರೆ. ಕೈ ತಾನಾಗಿ ನೀರಿಗೆ ಹೋಗುತ್ತದೆ, ತಲೆಗೆ ಪ್ರೋಕ್ಷಿಸಿಕೊಳ್ಳಲು. ಇಲ್ಲಿ ಬೇಡವೇ ಬೇಡ. ಇಲ್ಲಿನ ನೀರು ಬರೀ ಬಿಸಿಯಲ್ಲ, ಕೆಲವು ಕಡೆ ಆಮ್ಲ. ಕಾಸು ಎಸೆಯುವುದೂ ಬೇಡ. ಕಲ್ಲು ಎತ್ತಿಕೊಂಡು ಬರುವುದೂ ಬೇಡ. ಈ ನೆಲ, ಆ ಪರ್ವತ ಮಾವೊರಿಗಳಿಗೆ ಪವಿತ್ರ. ಈ ಕಾರಣ ಹೇಳಿದರೆ ಹಿರಿಯರು ಮರುಮಾತಿಲ್ಲದೆ ಒಪ್ಪುತ್ತಾರೆ.

ಮಾತು ಕೇಳದ ಹದಿಹರೆಯದವರಿಗೆ 1903ರ ಕತೆ ಹೇಳಿ. 1900ರಿಂದ 1904ರವರೆಗೆ ಇಲ್ಲಿ ಜಗತ್ತಿನ ಅತಿ ದೊಡ್ಡ ಬಿಸಿನೀರಿನ ಚಿಲುಮೆ ಇತ್ತು. ಕಪ್ಪು ಕೆಸರು, ಕಲ್ಲು, ನೀರು ಸೇರಿ 400 ಮೀಟರಿಗೂ ಮೇಲೆ ಚಿಮ್ಮುತ್ತಿತ್ತು. 1903ರ ಆಗಸ್ಟ್ 30ರಂದು ಎಚ್ಚರಿಕೆ ಮೀರಿ ಹತ್ತಿರ ಹೋದ ನಾಲ್ವರನ್ನು ಅದು ಕೊಚ್ಚಿಕೊಂಡು ಹೋಯಿತು. ಅವರಲ್ಲಿ ಜೋ ವಾರ್‌ಬ್ರಿಕ್ ಒಬ್ಬರು. 1888ರಲ್ಲಿ ಬ್ರಿಟನ್ನಿಗೆ ಹೋದ ನ್ಯೂಜಿಲೆಂಡಿನ ರಗ್ಬಿ ತಂಡದ ನಾಯಕ, ಆ ಜಾಗದ ಒಳಹೊರಗು ಬಲ್ಲ ಮನುಷ್ಯ. ಮಾರ್ಗದರ್ಶಕನಿಗೇ ಹೀಗಾಯಿತು. 1904ರಲ್ಲಿ ನೆಲದಡಿಯ ನೀರಿನ ಮಟ್ಟ ಬದಲಾಗಿ ಚಿಲುಮೆ ನಿಂತಿತು. ಈಗ ಅಲ್ಲಿ ಜಾಗದ ಗುರುತು ಮಾತ್ರ ಇದೆ.

ಇಳಿಯುತ್ತಾ ಹೋಗುವ ದಾರಿ

ಮೊದಲು ಸಿಗುವುದು ಸದರ್ನ್ ಕ್ರೇಟರ್, ಅದರ ತಳದಲ್ಲಿ ಎಮರಾಲ್ಡ್ ಪೂಲ್. ಇದು ತಣ್ಣೀರು, ಮಳೆನೀರು ನಿಂತ ಹಸಿರು ಕೊಳ. 1886ರಲ್ಲಿ ಸಿಡಿದ ಕುಳಿ ಇದು. ಇಲ್ಲಿ ಜಾಸ್ತಿ ಹೊತ್ತು ಬೇಡ. ಮಕ್ಕಳು ‘ಇಷ್ಟೇನಾ?’ ಅಂತ ಮುಖ ನೋಡುವ ಮೊದಲು ಮುಂದೆ ನಡೆಯಿರಿ.

ತಿರುವು ದಾಟಿದ ಮೇಲೆ ಫ್ರೈಯಿಂಗ್ ಪ್ಯಾನ್ ಲೇಕ್ ಕಾಣುತ್ತದೆ. ಇಲ್ಲಿ ನಿಲ್ಲಿ. ಒಂಬತ್ತು ಎಕರೆಗೂ ಜಾಸ್ತಿ ಹರಡಿದ ಬಿಸಿನೀರು, ಮೇಲೆಲ್ಲ ಹಬೆ, ಪಕ್ಕದಲ್ಲಿ ಹಬೆಯಾಡುವ ಕೆಥೀಡ್ರಲ್ ರಾಕ್ಸ್ ಬಂಡೆಗಳು. ಜಗತ್ತಿನ ಅತಿ ದೊಡ್ಡ ಬಿಸಿನೀರಿನ ಬುಗ್ಗೆಗಳಲ್ಲಿ ಇದೂ ಒಂದು. ನೀರು ತಳತಳ ಕುದಿಯುವ ಹಾಗೆ ಕಾಣುತ್ತದೆ. ಮಕ್ಕಳನ್ನು ಕೇಳಿ: ಇದು ಕುದಿಯುತ್ತಿದೆಯಾ? ಎಲ್ಲರೂ ಹೌದು ಅನ್ನುತ್ತಾರೆ. ಇಲ್ಲ. ಮೇಲ್ಮೈಯಲ್ಲಿ ಬಿಸಿ ಸುಮಾರು 50-55 ಡಿಗ್ರಿ ಸೆಲ್ಸಿಯಸ್ ಅಷ್ಟೇ. ಗುಳ್ಳೆಗಳು ತಳದಿಂದ ಏಳುವ ಇಂಗಾಲದ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಸಲ್ಫೈಡ್ ಅನಿಲದವು. ಹಾಗಂತ ಕೈ ಹಾಕಬಹುದು ಅಂತಲ್ಲ, 55 ಡಿಗ್ರಿ ನೀರು ಮಗುವಿನ ಚರ್ಮವನ್ನು ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ.

ಈ ಸರೋವರ ಇನ್ನೂ ಚಿಕ್ಕ ವಯಸ್ಸಿನದು. 1917ರ ಏಪ್ರಿಲ್ 1ರಂದು ಇಲ್ಲಿನ ಎಕೋ ಕ್ರೇಟರ್ ಮತ್ತೆ ಸಿಡಿಯಿತು. ಮೇಲಿದ್ದ ಪ್ರವಾಸಿ ವಸತಿಗೃಹ ಹಾಳಾಯಿತು, ಇಬ್ಬರು ಪ್ರಾಣ ಕಳೆದುಕೊಂಡರು. ಆಮೇಲೆ ಕುಳಿಯಲ್ಲಿ ನೀರು ತುಂಬಿ ಸರೋವರವಾಯಿತು.

ಸರೋವರದಿಂದ ತುಂಬಿ ಹರಿಯುವ ನೀರೇ ಮುಂದೆ ದಾರಿಯ ಪಕ್ಕದ ಬಿಸಿ ಹೊಳೆ. ಈ ಹೊಳೆಯ ದಂಡೆಯನ್ನು ಮಕ್ಕಳು ಬಿಡುವುದೇ ಇಲ್ಲ, ಬಿಡಿಸಲೂ ಬೇಡಿ. ಬಣ್ಣಗಳ ಲೆಕ್ಕ ಹಾಕಿಸಿ. ಬಿಳಿ ಅಂದರೆ ಸಿಲಿಕಾ. ಕೆಳಗಿನ ಕಲ್ಲಿನಿಂದ ಬಿಸಿನೀರು ಕರಗಿಸಿ ತಂದು, ಮೇಲೆ ತಣ್ಣಗಾದಾಗ ಬಿಟ್ಟುಹೋದದ್ದು. ಹಳದಿ ಗಂಧಕ. ತುಕ್ಕಿನ ಕೆಂಪು ಕಬ್ಬಿಣದ್ದು. ಹಸಿರು, ಕಿತ್ತಳೆ ಪಟ್ಟಿಗಳು ಜೀವ ಇರುವಂಥವು. ಬಿಸಿನೀರಿನಲ್ಲೇ ಬದುಕುವ ಪಾಚಿ, ಬ್ಯಾಕ್ಟೀರಿಯಾ ಅವು. ಬಿಸಿ ಎಷ್ಟಿದೆ ಎಂಬುದರ ಮೇಲೆ ಎಲ್ಲಿ ಯಾವುದು ಬೆಳೆಯಬೇಕು ಅಂತ ತೀರ್ಮಾನವಾಗುತ್ತದೆ. ನೀರು ತಣ್ಣಗಾಗುತ್ತಾ ಹೋದ ಹಾಗೆ ಬಣ್ಣವೂ ಬದಲಾಗುತ್ತದೆ. ಥರ್ಮಾಮೀಟರ್ ಇಲ್ಲದೆ ಬಿಸಿ ಅಳೆಯುವ ಆಟ ಇದು.

ಮುಂದೆ ಮುಖ್ಯ ದಾರಿಯಿಂದ ಪಕ್ಕಕ್ಕೆ ಕೆಲವು ಮೆಟ್ಟಿಲು ಹತ್ತಿದರೆ ಇನ್‌ಫರ್ನೊ ಕ್ರೇಟರ್. ಇಡೀ ಕಣಿವೆಯಲ್ಲಿ ನನಗೆ ಅತಿ ಇಷ್ಟದ ಜಾಗ ಇದು. ಮೆಟ್ಟಿಲು ಹತ್ತಲಾಗದವರು ಕೆಳಗೆ ಬೆಂಚಿನಲ್ಲಿ ಕೂತಿರಲಿ, ಜೊತೆಗೆ ಒಬ್ಬರು ಇರಲಿ, ಆಮೇಲೆ ಸರದಿ ಬದಲಾಯಿಸಿಕೊಳ್ಳಿ. ಯಾರೂ ಬಿಡಬೇಡಿ. ಕಡಿದಾದ ಕುಳಿಯ ತಳದಲ್ಲಿ ಹಾಲು ಬೆರೆಸಿದ ನೀಲಿ ಬಣ್ಣದ ನೀರು. ಬಿಸಿ 80 ಡಿಗ್ರಿವರೆಗೂ ಏರುತ್ತದೆ, ಆಮ್ಲ ನಿಂಬೆರಸದ ಮಟ್ಟದ್ದು.

ಈ ನೀರು ಒಂದೇ ಕಡೆ ನಿಲ್ಲುವುದಿಲ್ಲ. ಸುಮಾರು 38 ದಿನಗಳ ಸುತ್ತಿನಲ್ಲಿ ಏರುತ್ತದೆ, ತುಂಬಿ ಹೊರಗೆ ಹರಿಯುತ್ತದೆ, ಮತ್ತೆ ಎಂಟು ಮೀಟರಿನಷ್ಟು ಇಳಿಯುತ್ತದೆ. ಇದು ತುಂಬಿ ಹರಿಯುವಾಗ ಆಚೆಯ ಫ್ರೈಯಿಂಗ್ ಪ್ಯಾನ್ ಲೇಕಿನ ಹರಿವು ಕಡಿಮೆಯಾಗುತ್ತದೆ. ಇದು ಇಳಿದಾಗ ಅದು ಜಾಸ್ತಿಯಾಗುತ್ತದೆ. ನೆಲದಡಿಯಲ್ಲಿ ಎರಡಕ್ಕೂ ನಂಟಿದೆ ಎಂದು ವಿಜ್ಞಾನಿಗಳು ಕಂಡುಕೊಂಡದ್ದು ಹೀಗೆ. ನೀವು ಹೋದ ದಿನ ನೀರು ಎಲ್ಲಿದೆ ಎನ್ನುವುದು ನಿಮ್ಮ ಅದೃಷ್ಟ. ಕೆಳಗಿದ್ದರೆ ಗೋಡೆಯ ಮೇಲೆ ನೀರು ಏರಿದ್ದ ಗುರುತು ಕಾಣುತ್ತದೆ, ಅದನ್ನು ಮಕ್ಕಳಿಗೆ ತೋರಿಸಿ. ಈ ವಿಷಯ ಗೊತ್ತಿಲ್ಲದೆ ಬಂದವರು ಒಂದು ಫೋಟೋ ತೆಗೆದುಕೊಂಡು ಎರಡು ನಿಮಿಷದಲ್ಲಿ ಇಳಿದು ಹೋಗುತ್ತಾರೆ.

ಇಲ್ಲಿಂದ ಮೌಂಟ್ ಹ್ಯಾಜಾರ್ಡ್ ಕಡೆ ಹತ್ತುವ ಒಂದು ಕವಲುದಾರಿ ಇದೆ. ಏರು ಜಾಸ್ತಿ, ಮೇಲಿಂದ ನೋಟ ಚೆನ್ನ, ಮುಂದೆ ಮತ್ತೆ ಮುಖ್ಯ ದಾರಿಗೇ ಬಂದು ಸೇರುತ್ತದೆ. ಕಾಲಿಗೆ ಕೆಲಸ ಸಾಲದು ಅನ್ನುವ ಹದಿಹರೆಯದವರನ್ನು ಒಬ್ಬ ದೊಡ್ಡವರ ಜೊತೆ ಆ ಕಡೆ ಕಳಿಸಿ. ಉಳಿದವರು ಕೆಳಗಿನ ದಾರಿ ಹಿಡಿಯಿರಿ. ಎಲ್ಲಿ ಸೇರುತ್ತೀರಿ ಅಂತ ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿ ಬೇರೆಯಾಗಿ, ಕಣಿವೆಯಲ್ಲಿ ಫೋನ್ ಸಿಗ್ನಲ್ ನಂಬಬೇಡಿ.

ಮೊದಲ ಬಸ್ ನಿಲ್ದಾಣದಲ್ಲಿ ಒಂದು ಸಲ ಕೇಳಿ: ಯಾರಿಗೆ ಸಾಕು? ನಮ್ಮ ಹಿರಿಯರು ‘ನನಗೇನೂ ಆಗಿಲ್ಲ, ನಡೀರಿ’ ಅನ್ನುತ್ತಾರೆ. ಮಾತು ಕೇಳಬೇಡಿ, ನಡಿಗೆ ನೋಡಿ. ಏನಾದರೂ ಆಸರೆ ಹಿಡಿದು ಇಳಿಯಲು ಶುರುಮಾಡಿದ್ದರೆ ಬಸ್ ಹತ್ತಿಸಿ. ಚೆನ್ನಾದದ್ದರಲ್ಲಿ ಬಹುಪಾಲು ಇಷ್ಟರೊಳಗೆ ನೋಡಿ ಆಗಿರುತ್ತದೆ.

ನಂತರದ ದಾರಿ ಸಮಾಧಾನದ್ದು. ಬರ್ಡ್ಸ್ ನೆಸ್ಟ್, ಮಾರ್ಬಲ್, ವಾರ್‌ಬ್ರಿಕ್ ಎಂಬ ಸಿಲಿಕಾ ಮೆಟ್ಟಿಲುಗಳು ಸಿಗುತ್ತವೆ. ಅವತ್ತಿನ ಗುಲಾಬಿ ಮೆಟ್ಟಿಲುಗಳ ಮುಂದೆ ಇವು ಚಿಕ್ಕವು. ಆದರೆ ಅವು ಹೇಗೆ ಬೆಳೆದವು ಅನ್ನುವುದು ಇಲ್ಲಿ ಕಣ್ಣೆದುರೇ ಕಾಣುತ್ತದೆ. ಬೀಸಣಿಗೆಯ ಹಾಗೆ ಬಾಲ ಬಿಚ್ಚುವ ಫ್ಯಾನ್‌ಟೇಲ್ ಹಕ್ಕಿ ನಿಮ್ಮ ಹಿಂದೆಯೇ ಬರಬಹುದು. ನಡೆಯುವಾಗ ಏಳುವ ಹುಳಗಳಿಗೋಸ್ಕರ ಅದರ ಓಡಾಟ. ತಿಂಡಿ ಹಾಕಬೇಡಿ.

ಕೈ ಸುಟ್ಟರೆ

ಕೂಡಲೇ ತಣ್ಣನೆಯ ಶುದ್ಧ ನೀರು, ಹರಿಯುವ ಹಾಗೆ, 20 ನಿಮಿಷ. ಕುಡಿಯಲು ತಂದ ನೀರನ್ನೇ ಸುರಿಯುತ್ತಾ ನಲ್ಲಿ ಇರುವ ಕಡೆ ಹೋಗಿ. ತುಪ್ಪ, ಟೂತ್‌ಪೇಸ್ಟ್, ಇಂಕು ಯಾವುದೂ ಬೇಡ. ಉಂಗುರ, ಬಳೆ ಊದುವ ಮೊದಲೇ ತೆಗೆಯಿರಿ. ಮಗುವಿಗೆ ಸುಟ್ಟಿದ್ದರೆ ಚಿಕ್ಕದು ಅಂತ ಬಿಡಬೇಡಿ, ಸಿಬ್ಬಂದಿಗೆ ಹೇಳಿ. ತುರ್ತು ಕರೆಯ ನಂಬರ್ 111. ಅಪಘಾತದ ಚಿಕಿತ್ಸೆಗೆ ಅಲ್ಲಿನ ಸರ್ಕಾರಿ ವಿಮೆ ಪ್ರವಾಸಿಗರಿಗೂ ನೆರವಾಗುತ್ತದೆ. ಕಾಯಿಲೆಗೆ ಆಗುವುದಿಲ್ಲ. ಹಾಗಾಗಿ ಅಪ್ಪ-ಅಮ್ಮನ ಪ್ರಯಾಣ ವಿಮೆ ಬಿಡಬೇಡಿ.

ದೋಣಿ

ದಾರಿ ಮುಗಿಯುವುದು ರೋಟೊಮಹಾನಾ ಸರೋವರದ ದಡದಲ್ಲಿ. ದೋಣಿ ಸುತ್ತು ಸುಮಾರು 45 ನಿಮಿಷ. ದುಡ್ಡಿಗೆ ತಕ್ಕದ್ದಾ? ನಡೆದು ಸುಸ್ತಾದ ಸಂಸಾರಕ್ಕೆ ಹೌದು ಅಂತಲೇ ಹೇಳುತ್ತೇನೆ. ಕೂತಲ್ಲೇ ಹಬೆಯಾಡುವ ಬಂಡೆ ದಂಡೆ, ಕಪ್ಪು ಹಂಸಗಳು, ದೂರದಲ್ಲಿ ತಾರಾವೆರಾ ಪರ್ವತ ಕಾಣುತ್ತದೆ. 1886ಕ್ಕೆ ಮೊದಲು ಇದು ಸಣ್ಣ ಕೆರೆ, ಸ್ಫೋಟವಾದ ಮೇಲೆ ನೂರು ಮೀಟರಿಗೂ ಹೆಚ್ಚು ಆಳದ ಸರೋವರ. ಆ ಗುಲಾಬಿ, ಬಿಳಿ ಮೆಟ್ಟಿಲುಗಳು ಪೂರ್ತಿ ನಾಶವಾದವೋ, ಕೆಸರಿನಡಿ ತುಣುಕು ಉಳಿದಿವೆಯೋ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಗಾಳಿ ಬೀಸುತ್ತದೆ, ಸ್ವೆಟರ್ ಕೈಗೆ ಸಿಗುವ ಹಾಗಿರಲಿ. ಪುಟ್ಟ ಮಗು ಆಗಲೇ ಅಳುತ್ತಿದ್ದರೆ ಮಾತ್ರ ದೋಣಿ ಬಿಡಿ.

ಆಮೇಲೆ

ಮೈ ನೋವಿಗೆ ಬಿಸಿನೀರು ಬೇಕು ಅನ್ನಿಸಿದರೆ ಹತ್ತಿರದಲ್ಲೇ ವೈಕಿಟೆ ವ್ಯಾಲಿಯ ಕೊಳಗಳಿವೆ, ಊರಿನಲ್ಲಿ ಪಾಲಿನೇಷಿಯನ್ ಸ್ಪಾ ಇದೆ. ರಸ್ತೆ ಬದಿಯ ಕಾಡು ಹೊಳೆಗಳಿಗಿಂತ ಇಂಥ ಕಡೆಗೆ ಹೋಗುವುದೇ ಮೇಲು. ಎಲ್ಲಿಗೆ ಹೋದರೂ ತಲೆ ಮುಳುಗಿಸಬೇಡಿ, ಮಕ್ಕಳನ್ನೂ ಮುಳುಗಲು ಬಿಡಬೇಡಿ. ಬಿಸಿನೀರಿನ ಬುಗ್ಗೆಗಳಲ್ಲಿ ಇರಬಹುದಾದ ಒಂದು ಅಮೀಬಾ ಮೂಗಿನ ಮೂಲಕ ಒಳಹೊಕ್ಕು ಮಿದುಳಿಗೆ ಸೋಂಕು ತರುತ್ತದೆ. ಅಪರೂಪ, ಆದರೆ ಪ್ರಾಣಕ್ಕೆ ಕುತ್ತು. ಹೃದಯದ ತೊಂದರೆ, ಬಿಪಿ ಇರುವ ಹಿರಿಯರು ಹತ್ತು ನಿಮಿಷಕ್ಕೆ ಎದ್ದುಬಿಡಲಿ.

ಅದೇ ದಿನ ವೈ-ಒ-ತಾಪುವನ್ನೂ ಸೇರಿಸಬಹುದಾ ಎಂದು ಎಲ್ಲರೂ ಕೇಳುತ್ತಾರೆ. ಅದೂ ಇದೇ ಹೆದ್ದಾರಿಯಲ್ಲಿ, ಇನ್ನೂ ಸ್ವಲ್ಪ ದಕ್ಷಿಣಕ್ಕೆ. ಇಬ್ಬರೇ ಹೋಗಿದ್ದರೆ ಸೇರಿಸಿ. ಮಕ್ಕಳು, ಹಿರಿಯರು ಇದ್ದರೆ ಮಾರನೇ ದಿನಕ್ಕಿಡಿ. ಅಲ್ಲಿನ ಲೇಡಿ ನಾಕ್ಸ್ ಚಿಲುಮೆಗೆ ದಿನಾ ಬೆಳಗ್ಗೆ 10:15ಕ್ಕೆ ಸೋಪು ಹಾಕಿ ಚಿಮ್ಮಿಸುತ್ತಾರೆ. ಟಿಕೆಟ್ ತೆಗೆದುಕೊಳ್ಳುವ ಜಾಗ ಬೇರೆ, ಚಿಲುಮೆ ಇರುವ ಜಾಗ ಬೇರೆ, ನಡುವೆ ಕಾರಿನಲ್ಲೇ ಹೋಗಬೇಕು. 9:30ರ ಒಳಗೆ ಟಿಕೆಟ್ ಕೈಯಲ್ಲಿದ್ದರೆ ಮುಂದಿನ ಸಾಲಿನಲ್ಲಿ ಮಕ್ಕಳಿಗೆ ಜಾಗ ಸಿಗುತ್ತದೆ.